ರಂಗತ್ತೆಯ ಫೇಲ್ ಡಬ್ಬಿ

ನನ್ನ ಕೈಯಲ್ಲಿ ಡಿಗ್ರಿ ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ರಂಗತ್ತೆ. ಹೇಳಿ ಸುಮ್ಮನಾಗಿದ್ದರೆ ಮರೆತುಬಿಡುತ್ತಿದ್ದೆ. ಅದೇ ಮಾತನ್ನು ನಮ್ಮ ಬೀದಿಯಲ್ಲಿ ಇನ್ನೂ ಕೆಲವರು ಆಡಿದ್ದರು. ಆದರೆ ರಂಗತ್ತೆ ಅದಕ್ಕೂ ದುಡ್ಡು ಎತ್ತಿಟ್ಟರು. ನಾನು ಬಿ.ಕಾಂ.ಗೆ ಸೇರಿದ ವಾರವೇ ಅಡುಗೆಮನೆಯ ಅಟ್ಟದಿಂದ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಇಳಿಸಿದರು. ಒದ್ದೆ ಬಟ್ಟೆಯಲ್ಲಿ ಒರೆಸಿ, ಮುಚ್ಚಳಕ್ಕೆ ಕುಂಕುಮ ಇಟ್ಟು, ಸೆರಗಿನ ಗಂಟು ಬಿಚ್ಚಿ ಒಂದು ನೋಟು ಹಾಕಿ, "ಇದು ನೀನು ಫೇಲಾದಾಗ ಕಟ್ಟೋಕೆ" ಎಂದರು.

"ಇನ್ನೂ ಕ್ಲಾಸೇ ಶುರುವಾಗಿಲ್ಲ ಅತ್ತೆ" ಎಂದೆ.

"ಅದಕ್ಕೇ ಈಗ್ಲೇ ಹಾಕ್ತಿರೋದು. ಫೇಲಾದ ಮೇಲೆ ಹುಡುಕಾಡೋಕೆ ಆಗುತ್ತಾ? ಒಂದು ಸಬ್ಜೆಕ್ಟ್ ಹೋದ್ರೆ ಮತ್ತೆ ಫೀಜು ಕಟ್ಬೇಕಂತೆ. ಪಕ್ಕದ್ಮನೆ ಸೆಲ್ವಿ ಮಗನಿಗೆ ಕಟ್ಟಿ ಕಟ್ಟಿ ಅವಳ ಬಳೆನೇ ಹೋಯ್ತು."

ರಂಗತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಭದ್ರಾವತಿಯಲ್ಲಿದ್ದ ತಮ್ಮನ ಮನೆಗೆ, ಅಂದರೆ ನಮ್ಮ ಮನೆಗೆ, ಬಂದರು. ಬಂದವರು ಮೊದಲು ಒಲೆಯನ್ನು, ಆಮೇಲೆ ಖರ್ಚನ್ನು ಕೈಗೆ ತೆಗೆದುಕೊಂಡರು. ಅಪ್ಪ ಲಗೇಜ್ ಆಟೋ ಓಡಿಸುತ್ತಾರೆ, ಅಮ್ಮ ಬ್ಲೌಸ್ ಹೊಲಿಯುತ್ತಾರೆ. ಇಬ್ಬರೂ ಸಂಜೆಯಾದರೆ ದುಡಿದದ್ದನ್ನು ತಂದು ರಂಗತ್ತೆಯ ಕೈಗಿಡುತ್ತಿದ್ದರು. ಅತ್ತೆ ಕುಳ್ಳಗಿನ ಆಳು. ಒಂದು ಕಿವಿ ಸ್ವಲ್ಪ ಮಂದ. ಯಾರಾದರೂ ಸಾಲ ಕೇಳಲು ಬಂದರೆ ಆ ಹೊತ್ತಿಗೆ ಎರಡೂ ಮಂದವಾಗುತ್ತಿದ್ದವು.

ಅಟ್ಟದ ಮೇಲೆ ಅವರ ಡಬ್ಬಿಗಳ ಸಾಲಿತ್ತು. ಓದು ಬರಹ ಬಾರದವರಾದ್ದರಿಂದ ಒಂದರ ಮೇಲೂ ಹೆಸರಿರಲಿಲ್ಲ. ನೀಲಿ ಮುಚ್ಚಳದ್ದು ಸಿಲಿಂಡರಿಗೆ, ನವಿಲಿನ ಚಿತ್ರದ್ದು ಹಬ್ಬಕ್ಕೆ, ನೆಗ್ಗಿದ್ದು ಕಾಯಿಲೆಗೆ, ತುಕ್ಕು ಹಿಡಿದದ್ದು ಆಟೋ ರಿಪೇರಿಗೆ. ದೇವರ ಫೋಟೋದ ಹಿಂದೆ ಇನ್ನೊಂದಿತ್ತು. ಅದು ಅವರದೇ ಸಾವಿನ ಡಬ್ಬಿ. "ನಾನು ಹೋದಾಗ ನಿಮ್ಮಪ್ಪ ಆಟೋ ಅಡ ಇಡಬಾರದು" ಎನ್ನುತ್ತಿದ್ದರು. ಈಗ ಈ ಸಾಲಿಗೆ ನನ್ನ ಫೇಲ್ ಡಬ್ಬಿಯೂ ಸೇರಿತು. ಶುಕ್ರವಾರ ಲಕ್ಷ್ಮಿ ಪೂಜೆಯ ಹೊತ್ತಿಗೆ ಎಲ್ಲಾ ಡಬ್ಬಿಗಳನ್ನೂ ಇಳಿಸಿ ಸಾಲಾಗಿ ಕೂರಿಸುತ್ತಿದ್ದರು. ಹೀಗೆ ಇನ್ನೂ ಆಗದ ನನ್ನ ಸೋಲಿಗೂ ವಾರವಾರ ಅರಿಶಿನ ಕುಂಕುಮ ಸಲ್ಲುತ್ತಿತ್ತು.

ಡಬ್ಬಿಗಳಿಗೆ ಇದ್ದದ್ದು ಒಂದೇ ಕಾನೂನು: ಒಂದರ ದುಡ್ಡು ಇನ್ನೊಂದಕ್ಕೆ ದಾಟಬಾರದು. ಒಂದು ಯುಗಾದಿಗೆ ಹೂರಣ ಬೇಯುತ್ತಿರುವಾಗಲೇ ಗ್ಯಾಸ್ ಮುಗಿಯಿತು. ಸಿಲಿಂಡರ್ ಡಬ್ಬಿಯಲ್ಲಿ ದುಡ್ಡು ಸಾಲದು. ನವಿಲಿನ ಡಬ್ಬಿಯಲ್ಲಿ ಇತ್ತು. ಅತ್ತೆ ಆ ಕಡೆ ನೋಡಲೂ ಇಲ್ಲ. ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಸೆಲ್ವಿಯಕ್ಕನ ಮನೆಗೆ ನಡೆದರು. ಸೆಲ್ವಿಯಕ್ಕ ಒಲೆ ಬಿಟ್ಟುಕೊಡುತ್ತಾ, "ಏನ್ ರಂಗಕ್ಕಾ, ಅಷ್ಟು ದುಡ್ಡು ಮನೇಲಿ ಇಟ್ಟು ಇಲ್ಲಿ ಬಂದ್ಯಾ?" ಎಂದು ನಕ್ಕರು. "ಅದು ಹಬ್ಬದ ದುಡ್ಡು" ಎಂದರು ಅತ್ತೆ. "ಇವತ್ತು ಹಬ್ಬನೇ ಅಲ್ವಾಕ್ಕಾ?" ಎಂದದ್ದು ಅತ್ತೆಯ ಮಂದ ಕಿವಿಗೆ ಕೇಳಿಸಲಿಲ್ಲ.

ಅವರ ಉಳಿತಾಯದ ದಾರಿಗಳು ಒಂದೆರಡಲ್ಲ. ಕುಕ್ಕರ್ ಕೊನೆಯ ಸೀಟಿಗೆ ಸಿದ್ಧವಾಗುವಾಗಲೇ ಒಲೆ ಆರಿಸಿ, "ಮಿಕ್ಕಿದ್ದನ್ನ ಅದೇ ಬೇಯಿಸ್ಕೊಳ್ಳುತ್ತೆ" ಎನ್ನುವರು. ಟೂತ್‌ಪೇಸ್ಟಿನ ಟ್ಯೂಬನ್ನು ಹೊಟ್ಟೆ ಸೀಳಿ ಇನ್ನೊಂದು ವಾರ ನಡೆಸುವರು. ಬಂದ ನೆಂಟರಿಗೆ "ಕಾಫಿ ಕುಡ್ಕೊಂಡೇ ಬಂದಿರ್ತೀರಿ" ಎಂದು ಎಷ್ಟು ಪ್ರೀತಿಯಿಂದ ಹೇಳುತ್ತಿದ್ದರೆಂದರೆ, ಕುಡಿಯದೆ ಬಂದವರೂ ಹೌದು ಎನ್ನುತ್ತಿದ್ದರು. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದ ಮೇಲಂತೂ ತರಕಾರಿಗೆ ಶಿವಮೊಗ್ಗದ ಸಂತೆಯೇ ಆಗಬೇಕು. ಖಾಸಗಿ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದರೂ ಕದಲದೆ, ಸರ್ಕಾರಿ ಬಸ್ಸಿಗಾಗಿ ಬಿಸಿಲಲ್ಲಿ ನಿಂತಿರುತ್ತಿದ್ದರು. ಅಷ್ಟು ಹೊತ್ತು ನಿಂತು ಬಾಯಾರಿ ಕುಡಿದ ಎಳನೀರಿನ ಲೆಕ್ಕ ಯಾವ ಡಬ್ಬಿಗೆ ಎಂದು ನಾನು ಕೇಳಿದ್ದೇನೆ. "ಕಾಯಿಲೆ ಡಬ್ಬಿಗೆ. ಕುಡೀದೆ ಇದ್ರೆ ಬಿದ್ದೇ ಹೋಗ್ತಿದ್ದೆ" ಎಂಬ ಉತ್ತರ ಸಿದ್ಧವಾಗಿತ್ತು.

ಒಮ್ಮೆ ಸೆಲ್ವಿಯಕ್ಕನ ಮನೆಯವರು ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೆ ಹೊರಟಾಗ ವ್ಯಾನಿನಲ್ಲಿ ಜಾಗ ಮಿಕ್ಕಿತೆಂದು ಅತ್ತೆಯನ್ನೂ ನನ್ನನ್ನೂ ಕರೆದುಕೊಂಡು ಹೋದರು. ಎಲ್ಲರೂ ಹುಲಿ ನೋಡಿ ಕೂಗಾಡುತ್ತಿದ್ದರೆ ಅತ್ತೆ ಅಲ್ಲಿಯ ಸಿಬ್ಬಂದಿಯೊಬ್ಬರನ್ನು ಹಿಡಿದು ಅದರ ಊಟದ ಖರ್ಚು ವಿಚಾರಿಸುತ್ತಿದ್ದರು. ವಾರದಲ್ಲಿ ಒಂದು ದಿನ ಅದಕ್ಕೆ ಮಾಂಸ ಹಾಕುವುದಿಲ್ಲ, ಹೊಟ್ಟೆಗೆ ಒಳ್ಳೆಯದು ಎಂದು ಆತ ಹೇಳಿದ್ದೇ ತಪ್ಪಾಯಿತು. ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಿದ್ದ ಅತ್ತೆ ಮನೆಗೆ ಬಂದವರೇ ಘೋಷಿಸಿದರು: "ಹುಲಿಗೇ ವಾರಕ್ಕೊಂದಿನ ಇಲ್ಲ. ಅದೇನು ಸೊರಗೈತಾ? ಇನ್ಮೇಲೆ ಸೋಮವಾರ ರಾತ್ರಿ ನಮ್ಮನೇಲೂ ಇಲ್ಲ." ಅಪ್ಪ ಗೊಣಗಿದಾಗ ಅದಕ್ಕೆ ಶಿವನ ಹೆಸರು ಸೇರಿಸಿದರು. ಊರಿನವರು ನಮ್ಮ ಭಕ್ತಿಯನ್ನು ಮೆಚ್ಚಿಕೊಂಡರು.

ನಾನು ಬಸ್ಸಿನಲ್ಲಿ ದಿನಾ ಶಿವಮೊಗ್ಗಕ್ಕೆ ಹೋಗಿ ಓದಿದವಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎರಡನೇ ವರ್ಷ ಬಜೆಟ್ಟಿನ ಪಾಠವಾದಾಗ, ಅತ್ತೆಯನ್ನು ತಿದ್ದಬೇಕೆಂಬ ಹುಮ್ಮಸ್ಸು ಬಂತು. ಬೆಲೆ ಏರಿದ ಹಾಗೆ ಡಬ್ಬಿಯಲ್ಲಿಟ್ಟ ದುಡ್ಡು ಹೇಗೆ ಸವೆಯುತ್ತದೆ, ಬ್ಯಾಂಕಿನಲ್ಲಿಟ್ಟರೆ ಹೇಗೆ ಬೆಳೆಯುತ್ತದೆ ಎಂದು ಅಕ್ಕಿಯ ಉದಾಹರಣೆ ಕೊಟ್ಟು ವಿವರಿಸಿದೆ. ಅತ್ತೆ ಕೊನೆಯವರೆಗೂ ಕೇಳಿ, "ನೀನು ಹೇಳೋದು ಸರಿ ಕಣೇ" ಎಂದರು. ಗೆದ್ದೆ ಅಂದುಕೊಂಡೆ. "ಆದ್ರೆ ಬ್ಯಾಂಕಲ್ಲಿ ಎಲ್ಲಾ ಒಟ್ಟಿಗೆ ಕಲಸಿ ಹೋಗುತ್ತಲ್ಲ. ಹಬ್ಬದ್ದ್ಯಾವುದು, ಕಾಯಿಲೇದ್ಯಾವುದು ಅಂತ ಮ್ಯಾನೇಜರಿಗೆ ಗೊತ್ತಾಗುತ್ತಾ?" ಎಂದು ಎದ್ದು ಹೋದರು. ಅದೇ ವರ್ಷ ಪರೀಕ್ಷೆಯಲ್ಲಿ ಮೀಸಲು ನಿಧಿಯ ಬಗ್ಗೆ ಪ್ರಶ್ನೆ ಬಂತು. ಪುಸ್ತಕದ ಮಾತು ನೆನಪಾಗದೆ ಅತ್ತೆಯ ಡಬ್ಬಿಗಳನ್ನೇ ಬರೆದು ಬಂದೆ. ಒಳ್ಳೆಯ ಅಂಕ ಬಿತ್ತು. ಫೇಲ್ ಡಬ್ಬಿಯ ದಯೆಯಿಂದ ಪಾಸಾದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಪ್ರತಿ ಫಲಿತಾಂಶದ ದಿನ ಮನೆಗೆ ಬಂದು "ಪಾಸು" ಎಂದರೆ ಅತ್ತೆ "ಹೂಂ" ಎಂದು ಫೇಲ್ ಡಬ್ಬಿಗೆ ಇನ್ನೊಂದು ನೋಟು ಹಾಕುತ್ತಿದ್ದರು. ಅಮ್ಮನಿಗೆ ಇದು ಅಪಶಕುನವಾಗಿ ಕಾಣುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ನಾನು ಓದಿದಷ್ಟೂ ನನ್ನ ಸೋಲು ದಪ್ಪಗಾಗುತ್ತಿತ್ತು.

ಕೊನೆಯ ಸೆಮಿಸ್ಟರಿನಲ್ಲಿ ಎಲ್ಲವೂ ಒಟ್ಟಿಗೆ ಕೈಕೊಟ್ಟಿತು. ಅಪ್ಪನ ಆಟೋದ ಎಂಜಿನ್ ಕೆಟ್ಟು ಆಟೋ ಡಬ್ಬಿ ಬರಿದಾಯಿತು. ಆಟೋ ಗ್ಯಾರೇಜಿನಲ್ಲಿ ನಿಂತಿದ್ದಷ್ಟು ದಿನ ಅಪ್ಪನಿಗೆ ಸಂಪಾದನೆ ಇಲ್ಲ. ಅದೇ ಹೊತ್ತಿಗೆ ಅಮ್ಮನಿಗೆ ಡೆಂಗಿ ಬಂದು ಕಾಯಿಲೆ ಡಬ್ಬಿಯೂ ಹೋಯಿತು. ಕಾಲೇಜಿನ ಬಾಕಿ ಫೀಜು, ಪರೀಕ್ಷೆಯ ಫೀಜು ಎರಡನ್ನೂ ಕಟ್ಟಿದರೆ ಮಾತ್ರ ಹಾಲ್ ಟಿಕೆಟ್. ಇಲ್ಲದಿದ್ದರೆ ಇಷ್ಟು ವರ್ಷ ಬಸ್ಸಿನಲ್ಲಿ ನಿಂತು ಓದಿದ್ದೆಲ್ಲ ಅಲ್ಲಿಗೇ ನಿಲ್ಲುತ್ತದೆ. ಒಂದು ವರ್ಷ ತಪ್ಪಿದರೆ ನಮ್ಮಂಥ ಮನೆಯ ಹುಡುಗಿ ಮತ್ತೆ ಕಾಲೇಜಿಗೆ ಹೋಗುವುದಿಲ್ಲ. ಬಟ್ಟೆ ಅಂಗಡಿಗೆ ಹೋಗುತ್ತಾಳೆ, ಇಲ್ಲವೇ ಗಂಡನ ಮನೆಗೆ.

ಅಟ್ಟದಲ್ಲಿ ತುಂಬಿಕೊಂಡಿದ್ದದ್ದು ಒಂದೇ, ಫೇಲ್ ಡಬ್ಬಿ. ಕೇಳಿದೆ.

"ಅದು ಫೇಲಾದೋರ ದುಡ್ಡು" ಎಂದರು ಅತ್ತೆ.

"ಇಲ್ಲೀವರೆಗೂ ಒಂದ್ಸಲನೂ ಫೇಲಾಗಿಲ್ಲ ನಾನು!"

"ಅದೇ ನನ್ನ ಹೆದರಿಕೆ. ಆಗಾಗ ಸ್ವಲ್ಪ ಸ್ವಲ್ಪ ಆಗಿದ್ರೆ ಪರವಾಗಿರ್ಲಿಲ್ಲ. ಈಗ ಎಲ್ಲಾ ಸೇರಿ ಒಂದೇ ಸಲ ಆಗುತ್ತೆ."

ಅಪ್ಪ ನಡುವೆ ಬಂದರು. "ಅಕ್ಕ, ಯಾವ ಡಬ್ಬಿದಾದ್ರೂ ದುಡ್ಡು ದುಡ್ಡೇ ಅಲ್ವೇನೇ?"

ಅತ್ತೆ ಅಪ್ಪನ ಕಡೆ ತಿರುಗಿದರು. "ಅಲ್ಲ ಕಣೋ. ನಿಮ್ಮ ಭಾವನ ಆಪರೇಷನ್‌ಗೆ ಅಂತ ಎತ್ತಿಟ್ಟಿದ್ದನ್ನ, ದುಡ್ಡು ದುಡ್ಡೇ ಅಂತ ನಾದಿನಿ ಮದುವೆಗೆ ಕೊಟ್ಟೆ. ಮದುವೆ ಚೆನ್ನಾಗೇ ಆಯ್ತು. ಆಪರೇಷನ್ ಆಗ್ಲಿಲ್ಲ."

ನನಗೆ ಅಳು, ಸಿಟ್ಟು ಎರಡೂ ಬಂದವು. "ಹಾಗಾದ್ರೆ ಫೇಲೇ ಆಗ್ತೀನಿ, ಆಗ ಕೊಡ್ತೀರಲ್ಲ" ಎಂದೆ.

"ಫೇಲಾಗ್ಬೇಕಾದ್ರೂ ಪರೀಕ್ಷೆಗೆ ಕೂರ್ಬೇಕಲ್ಲೇ ಮಾರಾಯ್ತಿ" ಎಂದರು ಅತ್ತೆ. ಹೇಳಿದ ಮೇಲೆ ಆ ಮಾತು ಅವರನ್ನೇ ಯೋಚನೆಗೆ ಹಚ್ಚಿತು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ದೀಪ ಹಚ್ಚಿದವರು ದೇವರ ಫೋಟೋದ ಹಿಂದೆ ಕೈ ಹಾಕಿದರು. ಸಾವಿನ ಡಬ್ಬಿಯನ್ನು ತಂದು ನನ್ನ ಮಡಿಲಿಗೆ ಇಟ್ಟರು. "ಫೇಲಾಗೋದು ನಿನ್ನ ಕೈಲಿಲ್ಲ, ಪೇಪರ್ ತಿದ್ದೋನ ಕೈಲೈತೆ. ಅದನ್ನ ನಂಬಕ್ಕಾಗಲ್ಲ. ಸಾಯೋದನ್ನ ನಾನು ಮುಂದಕ್ಕೆ ಹಾಕ್ಕೋಬಹುದು. ನೀನು ಕೆಲಸಕ್ಕೆ ಸೇರಿ ಇದನ್ನ ತುಂಬಿಸೋವರೆಗೂ ಸಾಯಲ್ಲ. ಬೇಗ ತುಂಬ್ಸು."

"ಕಾನೂನು ಮುರಿದ್ರಲ್ಲ ಅತ್ತೆ" ಎಂದು ಮೆಲ್ಲಗೆ ಅಂದೆ.

"ಎಲ್ಲಿ ಮುರಿದೆ? ತಾರೀಖು ಮುಂದಕ್ಕೆ ಹಾಕಿದೀನಿ ಅಷ್ಟೆ."

ಮಾತಿಗೆ ತಪ್ಪುವವರಲ್ಲ ಅವರು. ಅಂದಿನಿಂದ ನೀರು ಕುದಿಸಿ ಕುಡಿಯತೊಡಗಿದರು, ಗ್ಯಾಸ್ ಖರ್ಚಾದರೂ. ಮಳೆಯಲ್ಲಿ ಹೊರಗೆ ಹೋಗಲಿಲ್ಲ. ಸಂತೆಗೆ ಹೋದರೆ ರಸ್ತೆ ದಾಟುವ ಮುಂಚೆ ಎರಡೂ ಕಡೆ ನೋಡಿ, ಇನ್ನೊಮ್ಮೆ ನೋಡಿ, ಯಾರದಾದರೂ ಕೈ ಹಿಡಿದು ದಾಟುತ್ತಿದ್ದರು. ಅಲ್ಲಿಯವರೆಗೂ ಬಿ.ಪಿ. ಮಾತ್ರೆಯನ್ನು ಅರ್ಧ ಮುರಿದು ಎರಡು ದಿನಕ್ಕೆ ನಡೆಸುತ್ತಿದ್ದವರು ಇಡೀ ಮಾತ್ರೆ ನುಂಗತೊಡಗಿದರು. ಆಸ್ಪತ್ರೆಯಲ್ಲಿ ಡಾಕ್ಟರು, "ಏನಜ್ಜಿ, ಈಗ ಚೆನ್ನಾಗಿ ಕಂಟ್ರೋಲಿಗೆ ಬಂದಿದೆ, ಏನು ಮಾಡಿದ್ರಿ?" ಎಂದು ಕೇಳಿದರೆ, "ಮನೇಲಿ ಸಾಯೋಕೆ ದುಡ್ಡಿಲ್ಲ ಸಾರ್" ಎಂದರು. ನನ್ನ ಡಿಗ್ರಿಯಿಂದ ನಮ್ಮ ಮನೆಗೆ ಆದ ಮೊದಲ ಲಾಭ ಅತ್ತೆಯ ರಕ್ತದೊತ್ತಡ ಇಳಿದದ್ದು.

ಪರೀಕ್ಷೆ ಬರೆದೆ. ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಶಿವಮೊಗ್ಗದ ವಿದ್ಯಾನಗರದಲ್ಲಿ ಒಬ್ಬ ಆಡಿಟರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮೊದಲ ತಿಂಗಳುಗಳ ಸಂಬಳದಲ್ಲಿ ಸಾವಿನ ಡಬ್ಬಿಯನ್ನು ತುಂಬಿಸಿಕೊಟ್ಟೆ. ಅತ್ತೆ ಮುಚ್ಚಳ ತೆಗೆದು ನೋಡಿ, ಕುಂಕುಮ ಇಟ್ಟು, ಫೋಟೋದ ಹಿಂದೆ ಸೇರಿಸಿ, "ಸದ್ಯ. ಇನ್ನು ಧೈರ್ಯವಾಗಿ ಮಳೇಲಿ ಓಡಾಡಬಹುದು" ಎಂದರು. ಬಿ.ಪಿ. ಮಾತ್ರೆ ಮತ್ತೆ ಅರ್ಧವಾಗದಂತೆ ನಾನೇ ಕಾವಲಿರಬೇಕಾಯಿತು.

ಅವರು ಹೋದದ್ದು ಕಳೆದ ವರ್ಷ, ಮಧ್ಯಾಹ್ನದ ನಿದ್ದೆಯಲ್ಲಿ. ಆಸ್ಪತ್ರೆಯ ಖರ್ಚಿಲ್ಲ, ಆಂಬುಲೆನ್ಸಿನ ಖರ್ಚಿಲ್ಲ. ಎಲ್ಲಾ ಆ ಡಬ್ಬಿಯಲ್ಲೇ ಮುಗಿದು, ಚೂರು ಮಿಕ್ಕಿತು. ಮಿಕ್ಕಿದ್ದನ್ನು ಯಾವ ಡಬ್ಬಿಗೆ ಹಾಕುವುದೆಂದು ತಿಳಿಯದೆ ಅಪ್ಪ ಅದನ್ನು ಕೈಯಲ್ಲಿ ಹಿಡಿದು ಅಟ್ಟವನ್ನೇ ನೋಡುತ್ತಾ ನಿಂತಿದ್ದರು. ಹೇಳುವವರು ಇರಲಿಲ್ಲ. ಈಗ ಕುಕ್ಕರ್ ನಮ್ಮ ಮನೆಯಲ್ಲಿ ಪೂರ್ತಿ ಸೀಟಿ ಹೊಡೆಯುತ್ತದೆ. ಪ್ರತಿ ಸಲವೂ ಅಮ್ಮ ತಪ್ಪು ಮಾಡಿದವರಂತೆ ಒಲೆಯ ಕಡೆ ನೋಡುತ್ತಾರೆ.

ಫೇಲ್ ಡಬ್ಬಿ ಮಾತ್ರ ಅಟ್ಟದಲ್ಲಿ ಹಾಗೇ ಇದೆ. ಶುಕ್ರವಾರ ಅದಕ್ಕೆ ಕುಂಕುಮ ಇಡುವವಳು ಈಗ ನಾನು. ಇಷ್ಟು ದಿನವಾದರೂ ಅದನ್ನು ಖಾಲಿ ಮಾಡದಿರಲು ಕಾರಣ, ಸರ್ಟಿಫಿಕೇಟು ಕೈಗೆ ಬಂದ ದಿನ ಅತ್ತೆ ಆಡಿದ ಮಾತು. ಅವರು ಹೋಗುವುದಕ್ಕೆ ಕೆಲವೇ ವಾರಗಳ ಮುಂಚಿನ ಸಂಗತಿ ಅದು.

ಘಟಿಕೋತ್ಸವಕ್ಕೆ ಹೋದರೆ ಗೌನಿಗೆ ಬಾಡಿಗೆ ಎಂದು ಗೊತ್ತಾದ ಕೂಡಲೇ ಅತ್ತೆ, "ಕಾಗದ ಕೊಡೋದಕ್ಕೆ ಕೋಟ್ ಯಾಕೆ?" ಎಂದು ಬೇಡವೆಂದಿದ್ದರು. ಅದು ಮುಗಿದ ಮೇಲೆ ಕಾಲೇಜಿನ ಕಚೇರಿಯಲ್ಲಿ ಸಹಿ ಮಾಡಿ ಸರ್ಟಿಫಿಕೇಟು ತೆಗೆದುಕೊಂಡೆ. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಭದ್ರಾವತಿಗೆ ಬಂದು, ಬಾಗಿಲಲ್ಲಿ ಬೀನ್ಸ್ ಬಿಡಿಸುತ್ತಿದ್ದ ಅತ್ತೆಯ ಕೈಗೆ ಕೊಟ್ಟೆ. ಅವರು ಎರಡೂ ಕೈಯನ್ನು ಸೆರಗಿಗೆ ಒರೆಸಿ ಅದರ ಅಂಚು ಹಿಡಿದರು, ಬಿಸಿ ತಟ್ಟೆ ಹಿಡಿದ ಹಾಗೆ.

"ಎಷ್ಟು ವರ್ಷ ನಡೆಯುತ್ತೆ ಇದು? ಆಟೋ ಪರ್ಮಿಟ್ ಥರ ರಿನೀವಲ್ ಐತಾ?"

"ಇಲ್ಲ ಅತ್ತೆ. ಒಂದ್ಸಲ ಕೊಟ್ರೆ ಸಾಯೋವರೆಗೂ."

"ಸದ್ಯ. ಮತ್ತೆ ಮತ್ತೆ ಖರ್ಚಿಲ್ಲ." ಇನ್ನೂ ಸ್ವಲ್ಪ ಹೊತ್ತು ನೋಡಿದರು. ಅದರ ಮೇಲಿದ್ದ ನನ್ನ ಹೆಸರನ್ನು ತೋರಿಸಿದೆ. ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಸವರಿದರು.

"ಇನ್ನು ಆ ಫೇಲ್ ಡಬ್ಬಿ ತೆಗೀಬಹುದಲ್ಲ ಅತ್ತೆ? ಫೇಲಾಗೋಕೆ ಏನೂ ಉಳಿದಿಲ್ಲ."

"ಇದರ ಮುಂದೆ ಓದೋಕೆ ಏನೂ ಇಲ್ವಾ?"

"ಐತೆ. ಎಂ.ಕಾಂ. ಅಂತ."

ಅತ್ತೆ ಸರ್ಟಿಫಿಕೇಟನ್ನು ಜೋಪಾನವಾಗಿ ನನ್ನ ಕೈಗೆ ಮರಳಿಸಿ ಮೊಣಕಾಲು ಹಿಡಿದು ಎದ್ದರು. ಒಳಗೆ ಹೋಗಿ ಸ್ಟೂಲ್ ಹತ್ತಿ ಅಟ್ಟದಿಂದ ಡಬ್ಬಿ ಇಳಿಸಿದರು. ಸೆರಗಿನ ಗಂಟು ಬಿಚ್ಚಿ ಒಂದು ನೋಟು ಹಾಕಿ, ಮುಚ್ಚಳ ಒತ್ತುತ್ತಾ ಹೇಳಿದರು:

"ಅದಂತೂ ನಿನ್ನ ಕೈಲಿ ಆಗಲ್ಲ ಬಿಡು."