ಪೇಡೆ ತಿನ್ನದ ಲಾಲಸಾಬ ಕಾಕಾ

ಲಾಲಸಾಬ ಕಾಕಾ ಪೇಡೆಯ ಹದವನ್ನು ಕಿವಿಯಿಂದ ಹಿಡಿಯುತ್ತಿದ್ದರು. ಹಾಲು ಬತ್ತಿ ಗಟ್ಟಿಯಾಗುತ್ತ ಬಂದಂತೆ ಕಡಾಯಿಯಲ್ಲಿ ಸೌಟಿನ ಸದ್ದು ಬದಲಾಗುತ್ತದಂತೆ. ಅಂಗಡಿಯ ಮುಂಭಾಗದಲ್ಲಿ ಕುಳಿತೇ ಆ ಸದ್ದು ಕೇಳಿ, “ಇಳಸು” ಎಂದು ಒಳಗಿದ್ದ ಹೆಂಡತಿಗೆ ಕೂಗುವರು. ಪೇಡೆ ಆರಿದ ಮೇಲೆ ಒಂದನ್ನು ಕಾಗದದಲ್ಲಿ ಹಿಡಿದು ಮುರಿದು, ಮೂಸಿ, ಮಾಬೂಬಿ ಕಾಕಿಗೆ ಕೊಡುವರು. ಕಾಕಿ ಅದನ್ನು ಬಾಯಿಗೆ ಹಾಕಿಕೊಂಡರೆ ಇವರ ಕಣ್ಣು ಆಕೆಯ ಮುಖದ ಮೇಲೆ. ಹುಬ್ಬು ಮೇಲೇರಿದರೆ ಸಕ್ಕರೆ ಹೆಚ್ಚು. ಸುಮ್ಮನೆ ನುಂಗಿದರೆ ಎಲ್ಲ ಸರಿ.

ಸಿಂದಗಿಯ ಗಿರಾಕಿಗಳು ಇದನ್ನು ಮುದಿ ಗಂಡ ಹೆಂಡಿರ ಅಕ್ಕರೆ ಎಂದುಕೊಂಡು ನಗುತ್ತಿದ್ದರು. ನಿಜ ಗೊತ್ತಿದ್ದದ್ದು ಅವರಿಬ್ಬರಿಗೆ ಮತ್ತು ನನಗೆ ಮಾತ್ರ. ಕಾಕಾಗೆ ಹಾಲು ಆಗುತ್ತಿರಲಿಲ್ಲ.

ನನಗೂ ಆಗುತ್ತಿರಲಿಲ್ಲ. ದೇವರ ಹಿಪ್ಪರಗಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಮೂವತ್ತಾರು ವರ್ಷದ ತನಕ ಮೊಸರಿಲ್ಲದ ಊಟ ನನಗೆ ಊಟವೇ ಅಲ್ಲ. ಆಮೇಲೆ ಉಂಡ ಕೂಡಲೇ ಮೈತುಂಬ ದದ್ದು ಏಳತೊಡಗಿತು, ಒಂದೊಂದು ದಿನ ತುಟಿ ಬಾತು ಮಾತೇ ಹೊರಡುತ್ತಿರಲಿಲ್ಲ. ಸಹೋದ್ಯೋಗಿಗಳು ಪಿತ್ತ ಎಂದರು, ಕನ್ನೊಳ್ಳಿಯಲ್ಲಿದ್ದ ನನ್ನ ಅವ್ವ ದೃಷ್ಟಿ ತೆಗೆದಳು. ಯಾರೋ ಕೊಟ್ಟ ಬೇರಿನ ಪುಡಿಯನ್ನು ಎರಡು ತಿಂಗಳು ತಪ್ಪದೆ ಕುಡಿದೆ. ಕುಡಿಯಬೇಕಾಗಿದ್ದದ್ದು ಹಾಲಿನಲ್ಲಿ.

ಕೊನೆಗೆ ವಿಜಯಪುರದ ಒಬ್ಬ ಚರ್ಮದ ಡಾಕ್ಟರರ ಹತ್ತಿರ ಹೋದೆ. ಅವರು ಮುಂಗೈ ಮೇಲೆ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಗುರುತಿಗೆ ಒಂದೊಂದು ಹನಿ ಬಿಟ್ಟು, ಸೂಜಿಯಿಂದ ಸಣ್ಣಗೆ ಚುಚ್ಚಿ ಹೊರಗೆ ಕೂರಿಸಿದರು. ಬಾಕಿನ ಮೇಲೆ ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಹಾಗೆಯೇ ಅಂಗಿಯ ತೋಳು ಮಡಚಿ ಕುಳಿತಿದ್ದರು. ಸ್ವಲ್ಪ ಹೊತ್ತಿಗೆ ನನ್ನ ಕೈಯನ್ನು ಇಣುಕಿ ನೋಡಿ, “ಅಕ್ಕಾರ, ನಿಮ್ಮದೂ ಮೂರನೇದ ಉಬ್ಬೈತಲ್ರಿ” ಎಂದು ತಮ್ಮ ಕೈ ಚಾಚಿದರು. ಅವರದೂ ಮೂರನೆಯದೇ. “ಒಂದ ಬ್ಯಾನಿ ಮಂದಿ ಆದ್ವಿ ಬಿಡ್ರಿ” ಎಂದು ನಕ್ಕರು. ಮೂರನೆಯದು ಹಾಲು.

ಡಾಕ್ಟರರು ಇಬ್ಬರಿಗೂ ಹೇಳಿದ್ದು ಒಂದೇ. ದೊಡ್ಡವರಾದ ಮೇಲೂ ಇದು ಬರಬಹುದು, ಬೇರುಸಹಿತ ಕೀಳುವ ಔಷಧ ತಮ್ಮಲ್ಲಿಲ್ಲ. ಹಾಲು, ಮೊಸರು, ತುಪ್ಪ, ಖವಾ ಪೂರ್ತಿ ಬಿಡಬೇಕು, ಮಾತ್ರೆ ಜೊತೆಗಿರಬೇಕು, ಉಸಿರು ಕಟ್ಟಿದರೆ ಒಂದು ಕ್ಷಣವೂ ಕಾಯದೆ ದವಾಖಾನೆಗೆ ಓಡಬೇಕು. ಕಾಯುವ ಬಾಕಿನ ಮೇಲೆ ನಗುತ್ತಿದ್ದ ಮನುಷ್ಯ ಸಿಂದಗಿ ಬಸ್ಸಿನಲ್ಲಿ ನಗು ಬಿಟ್ಟು ನನ್ನ ಪಕ್ಕ ಕುಳಿತರು. ನಾನು ಟೀಚರ್ ಎಂದು ಕೇಳಿ ತಿಳಿದ ಮೇಲೆ ತಮ್ಮ ಚಿಂತೆ ಹೇಳಿದರು.

“ನಾ ಪೇಡೇದಾಂವ ಅದೀನ್ರಿ, ಟೀಚರ್. ಪೇಡೇದಾಂವ ಪೇಡೆ ತಿನ್ನೂದಿಲ್ಲಂದ್ರ ಮಂದಿ ಏನಂದಾರು? ಮಾಲಿನಾಗ ಏನೋ ಐತಿ ಅಂದಾರು. ಇದು ನಿಮ್ಮ ಹೊಟ್ಯಾಗ ಇರ್ಲ್ರಿ.”

ಇರಲಿ ಎಂದು ಮಾತು ಕೊಟ್ಟೆ.

ಶನಿವಾರ ಶಾಲೆ ಮಧ್ಯಾಹ್ನಕ್ಕೇ ಬಿಡುತ್ತಿತ್ತು. ಅವ್ವನನ್ನು ನೋಡಲು ಹೋಗುವಾಗ ಸಿಂದಗಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಆ ನಡುವಿನ ಹೊತ್ತು ಕಾಕಾನ ಅಂಗಡಿಯಲ್ಲಿ ಕಳೆಯುತ್ತಿದ್ದೆ. ಒಲೆಯ ಮೇಲಿನ ಹಾಲಿನ ಹಬೆಗೂ ಕಾಕಾಗೆ ಕೆಮ್ಮು ಬರುತ್ತಿದ್ದುದರಿಂದ ಒಳಗಿನ ಕೆಲಸವನ್ನೆಲ್ಲ ಕಾಕಿಯೇ ಹೊತ್ತುಕೊಂಡಿದ್ದರು. ಹೊರಗೆ ಕಾಕಾ ನನಗೆ ಪಾಠ ಹೇಳುವರು: ಯಾವ ಬಿಸ್ಕೀಟಿನಲ್ಲಿ ಹಾಲಿನ ಪುಡಿ ಇದೆ, ಯಾವ ಬ್ರೆಡ್ಡು ಮುಟ್ಟಬಾರದು. ಮದುವೆ ಮನೆಗಳಲ್ಲಿ ಉಪವಾಸವೆಂದು ಸುಳ್ಳು ಹೇಳಿ ಪಾರಾಗುತ್ತೇನೆ ಎಂದಾಗ, ಉಪವಾಸವೆಂದರೆ ಮೊದಲು ಹಾಲೇ ತರುತ್ತಾರಲ್ಲ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. “ಯಜಮಾನ್ರನ್ನ ಕೇಳಬ್ಯಾಡ್ರಿ, ಅಡಗಿ ಮಾಡಾವ್ರನ್ನ ಕೇಳ್ರಿ. ಯಜಮಾನ್ರು ಮರ್ಯಾದಿಗೆ ಹೇಳ್ತಾರ, ಅಡಗಿಯವ್ರು ಖರೇ ಹೇಳ್ತಾರ.” ಆ ಮಾತು ಇವತ್ತಿಗೂ ನನ್ನನ್ನು ಕಾಯುತ್ತಿದೆ.

ಎರಡು ವರ್ಷ ಹೀಗೇ ನಡೆಯಿತು. ಒಂದು ಶನಿವಾರ ನಾನು ಅಲ್ಲಿರುವಾಗಲೇ ಬಸಪ್ಪ ಮಾಸ್ತರರು ಬಂದರು. ನಿವೃತ್ತರು, ಕಾಕಾನ ಹಳೆಯ ಗಿರಾಕಿ. ಮಗಳಿಗೆ ಹತ್ತು ವರ್ಷದ ಮೇಲೆ ಕೂಸು ಹುಟ್ಟಿತ್ತು. ಪೆಟ್ಟಿಗೆ ಕಟ್ಟಿಸಿಕೊಂಡವರೇ ಅಲ್ಲೇ ಬಿಚ್ಚಿ, ಮೊದಲ ಪೇಡೆಯನ್ನು ತಮ್ಮ ಕೈಯಾರೆ ಕಾಕಾನ ಬಾಯಿಗೆ ಇಟ್ಟರು. ಕಾಕಾ ಉಗುಳಬಹುದಾಗಿತ್ತು. ಮಾಸ್ತರರ ಕಣ್ಣಲ್ಲಿ ನೀರಿತ್ತು. ಕಾಕಾ ಅವರನ್ನೇ ನೋಡುತ್ತ ನುಂಗಿಬಿಟ್ಟರು.

ಹತ್ತು ನಿಮಿಷದಲ್ಲಿ ತುಟಿ ಬಾತು, ಕುತ್ತಿಗೆ ಕೆಂಪಾಗಿ, ಉಸಿರು ಸುಯ್ಗುಡತೊಡಗಿತು. ಮಂದಿ ಕೂಡಿದರು. ಉಷ್ಣ ಆಗಿದೆ ಎಂದು ಯಾರೋ ಪಕ್ಕದ ಹೋಟೆಲಿನಿಂದ ಒಂದು ಗ್ಲಾಸು ಮಜ್ಜಿಗೆ ತಂದು ಬಾಯಿಗೆ ಹಿಡಿದರು. ಕಾಕಾಗೆ ಬೇಡವೆನ್ನಲು ದನಿ ಇರಲಿಲ್ಲ. ಓಡಿಬಂದ ಕಾಕಿ ಗಾಬರಿಯಲ್ಲಿ ಕಲ್ಲಿನಂತೆ ನಿಂತಿದ್ದರು. ನಾನು ಗ್ಲಾಸನ್ನು ತಳ್ಳಿದೆ.

“ಮಜ್ಜಗಿ ಬ್ಯಾಡ್ರಿ. ಇವ್ರಿಗೆ ಹಾಲು ಆಗೂದಿಲ್ಲ, ಪೇಡೆ ತಿಂದದ್ದಕ್ಕ ಹಿಂಗಾಗೈತಿ. ಆಟೋ ಕರೀರಿ.”

ಬಜಾರಿನ ನಡುವೆ, ಎಲ್ಲರೂ ಕೇಳುವಂತೆ ಹೇಳಿದೆ. ದವಾಖಾನೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಹದಕ್ಕೆ ಬಂತು. ಬಸಪ್ಪ ಮಾಸ್ತರರು ಬಾಗಿಲಲ್ಲಿ ನಿಂತಿದ್ದರು, ಪೆಟ್ಟಿಗೆ ಇನ್ನೂ ಕೈಯಲ್ಲೇ ಇತ್ತು.

ಜೀವ ಉಳಿಯಿತು, ಆದರೆ ಅಂಗಡಿಯನ್ನು ನಾನು ಮುಳುಗಿಸಿದೆ ಅನ್ನಿಸಿತು. ಮೂರು ಶನಿವಾರ ಆ ಕಡೆ ಹೋಗಲಿಲ್ಲ. ನಾಲ್ಕನೆಯ ವಾರ ಕಾಕಿ ಫೋನು ಮಾಡಿದರು. “ಟೀಚರ್ ಸಿಟ್ಟಾಗ್ಯಾರೇನು ಅಂತ ದಿನಾ ಕೇಳಾಕತ್ತಾರ್ರಿ.”

ಹೋದೆ. ಕಾಕಾ ಬಂದ ಗಿರಾಕಿಗಳಿಗೆಲ್ಲ ಆ ದಿನದ ಕತೆಯನ್ನು ತಾವೇ ಹೇಳುತ್ತಿದ್ದರು, ಉಸಿರಿನ ಸದ್ದಿನ ಸಮೇತ. ವ್ಯಾಪಾರ ಕೆಲವು ದಿನ ತಗ್ಗಿತ್ತಂತೆ. ಆಮೇಲೆ ಬಸಪ್ಪ ಮಾಸ್ತರರೇ ತಮ್ಮ ಓಣಿಯವರನ್ನು ಕರೆತಂದು, ಅಂಗಡಿಯ ಮುಂದೆ ನಿಂತು ಪೇಡೆ ತಿಂದರಂತೆ. ಕೊಟ್ಟ ಮಾತು ಮುರಿದೆನೆಂದು ನಾನು ತಪ್ಪೊಪ್ಪಿಕೊಳ್ಳಲು ಹೋದರೆ ಕಾಕಾ ಕೈ ಅಡ್ಡ ಹಿಡಿದರು.

“ನೀವು ಮಾತು ಉಳಿಸ್ಕೊಂಡಿದ್ರ ನಾ ಉಳೀತಿದ್ದಿಲ್ರಿ, ಟೀಚರ್.”

ಅಂದೇ ಅಂಗಡಿಯ ಇನ್ನೊಂದು ಮೂಲೆಯನ್ನು ತೋರಿಸಿದರು. ಹೊಸ ಒಲೆ, ಹೊಸ ಕಡಾಯಿ, ಅದಕ್ಕೇ ಮೀಸಲಾದ ಸೌಟು. ಹಾಲು ತುಪ್ಪದ ಸೋಂಕಿಲ್ಲದ ಶೇಂಗಾ ಉಂಡಿ, ಎಳ್ಳುಂಡಿ. ಅಲ್ಲಿ ಕೈಯಾಡಿಸುವವರು ಕಾಕಾ ಒಬ್ಬರೇ. ವರ್ಷಗಳ ಮೇಲೆ ಒಂದು ಮಿಠಾಯಿ ಅಂಗಡಿಯಲ್ಲಿ ನಿಂತು, ಏನನ್ನೂ ವಿಚಾರಿಸದೆ, ಒಂದಾದ ಮೇಲೊಂದು ಮೂರು ಉಂಡಿ ತಿಂದೆ.

ಮುಂದೆ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಕಾಕಾ ಕಾಕಿ ಅಂಗಡಿಯನ್ನು ಕಿರಿಯ ಅಳಿಯನಿಗೆ ಒಪ್ಪಿಸಿ, ಇಂಡಿಯ ಹತ್ತಿರ ಹಿರಿಮಗಳ ಲಿಂಬೆ ತೋಟಕ್ಕೆ ಹೋಗಿ ನೆಲೆಸಿದರು. ಹೋದ ವರ್ಷ ಬೇಸಿಗೆಯ ಒಂದು ಭಾನುವಾರ ಅವರನ್ನು ನೋಡಲು ಹೋದೆ. ಕಾಕಾ ಗಿಡದ ಬುಡದಲ್ಲಿ ಕುಳಿತು ಹಣ್ಣು ಆರಿಸುತ್ತಿದ್ದರು. ಮುಖದ ಮೇಲೆ ಕಳೆ ಬಂದಿತ್ತು. ಕಾಕಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದರು. ಸಂಜೆಯ ತನಕ ಮಗಳ ಮಕ್ಕಳ ಓದು, ಬಾವಿಯ ನೀರು, ನನ್ನ ಹೊಸ ಶಾಲೆಯ ಹುಡುಗಿಯರ ಜಗಳ, ಇವುಗಳ ಬಗ್ಗೆಯೇ ಮಾತಾಡಿದೆವು. ಹೊರಟಾಗ ಕಾಕಾ ರಸ್ತೆಯ ತನಕ ಬಂದು ಬಸ್ಸಿಗೆ ಕೈ ಮಾಡಿದರು.

ಆ ಮಳೆಗಾಲದಲ್ಲಿ ಅವರು ಮಲಗಿದಲ್ಲೇ ತೀರಿಕೊಂಡರು. ಸಂಕಟಪಡಲಿಲ್ಲ ಎಂದು ಕಾಕಿ ಹೇಳಿದರು. ಆ ಭಾನುವಾರ ತೋಟದಿಂದ ಮರಳುವಾಗ, ಬಸ್ಸು ಬಸವನ ಬಾಗೇವಾಡಿ ದಾಟುತ್ತಿದ್ದಂತೆ ನನಗೆ ಹೊಳೆದಿತ್ತು: ಇಡೀ ದಿನ ನಮ್ಮಿಬ್ಬರ ಬಾಯಲ್ಲಿ ಹಾಲಿನ ಸುದ್ದಿ ಒಂದು ಸಲವೂ ಬಂದಿರಲಿಲ್ಲ.