ಆಯಿಯ ಚಂಚಿ ತರುತ್ತಿದ್ದ ಗಾಡಿ

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆಗೆ ಒಂದು ಬಗೆಯ ಸಿಹಿ ಕಮಟು ವಾಸನೆ ಇದೆ. ಸಿಂಧನೂರಿನ ನಮ್ಮ ಶಾಲೆಯಲ್ಲಿ ಶನಿವಾರ ಮಕ್ಕಳು ರೋಬೋ ಮಾಡಲು ಕೂರುತ್ತಾರೆ. ಹೊಸ ಮೋಟಾರು, ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆ, ನೋಡಿ ಜೋಡಿಸಲು ಚಿತ್ರದ ಪುಸ್ತಕ, ಎಲ್ಲ ಇದೆ. ನಾನು ಗಣಿತದ ಟೀಚರು, ಅಲ್ಲಿ ನನಗೇನೂ ಕೆಲಸವಿಲ್ಲ. ಆದರೂ ಆ ಹೊಗೆ ವರಾಂಡಕ್ಕೆ ಬಂದರೆ ಸಾಕು, ಬೋರ್ಡಿನ ಮೇಲಿನ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ, ಮಸ್ಕಿಯ ನಮ್ಮ ಮನೆಯ ಪಡಸಾಲೆ ಕಣ್ಣಿಗೆ ಕಟ್ಟುತ್ತದೆ. ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡಿದಾಗ ಮುಂದಿನ ಅರ್ಧ ಹೋಯಿತು, ಉಳಿದರ್ಧ ಒಂದು ಮಳೆಗಾಲಕ್ಕೆ ತಾನೇ ಕುಸಿಯಿತು. ಹಾಗೆ ಹೋದ ಮನೆಯೊಂದು ನಿಮ್ಮ ಪಾಲಿಗೂ ಇದ್ದೀತು. ಇದ್ದರೆ ನಾನು ಹೇಳುವುದು ನಿಮಗೆ ಬೇಗ ತಿಳಿಯುತ್ತದೆ.

ಆ ಪಡಸಾಲೆಯ ಒಂದು ತುದಿಗೆ ಆಯಿ, ಅಂದರೆ ನಮ್ಮಪ್ಪನ ತಾಯಿ, ಕಂಬಳಿ ಹಾಸಿಕೊಂಡು ಕೂತಿರುತ್ತಿದ್ದಳು. ಇನ್ನೊಂದು ತುದಿಗೆ ಕಾಕಾ, ಅಪ್ಪನ ತಮ್ಮ ಈರಣ್ಣ. ನಡುವೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯನ್ನು ತಾಯಿ ಮಗ ಇಬ್ಬರೂ ಆರು ವರ್ಷ ದಾಟಿರಲಿಲ್ಲ. ಮುದಗಲ್ಲಿನ ಅತ್ತೆಗೆ, ಅಂದರೆ ಕಾಕಾನ ಅಕ್ಕನಿಗೆ, ಮಗಳು ಹುಟ್ಟಿ ತೊಟ್ಟಿಲಿಗೆ ಹಾಕಿದ ದಿನವೇ, ಈ ಕೂಸು ನಮ್ಮ ಈರಣ್ಣನಿಗೆ ಎಂದು ಆಯಿ ಮಾತು ಕೊಟ್ಟಿದ್ದಳು. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಆದರೆ ಕೂಸು ದೊಡ್ಡದಾಗಿ ಮದುವೆಯ ಮಾತು ಎದ್ದಾಗ ಕಾಕಾ ಒಲ್ಲೆನೆಂದ. ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದವಳ ಕೊರಳಿಗೆ ತಾಳಿ ಕಟ್ಟುವುದು ತನ್ನಿಂದಾಗದು ಎಂದ. ಕೊಟ್ಟ ಮಾತು ಮಣ್ಣುಪಾಲಾಯಿತೆಂದು ಆಯಿ ದೇವರ ಜಗಲಿಯ ಮುಂದೆ ನಿಂತು, ಇವನ ಕೂಡ ಇನ್ನು ಮಾತಿಲ್ಲ ಎಂದು ಆಣೆ ಮಾಡಿದಳು. ಒಂದೆರಡು ತಿಂಗಳು ಕಾಕಾ ಅವ್ವಾ ಅವ್ವಾ ಎಂದು ಕರೆದನಂತೆ. ಆಯಿ ಗೋಡೆ ಕಡೆ ತಿರುಗುತ್ತಿದ್ದಳಂತೆ. ಆಮೇಲೆ ಅವನೂ ಕರೆಯುವುದನ್ನು ಬಿಟ್ಟ. ಹಟದಲ್ಲಿ ತಾಯಿಗೆ ತಕ್ಕ ಮಗ. ಅತ್ತೆಯ ಮಗಳು ಬೇರೆ ಕಡೆ ಮದುವೆಯಾಗಿ ಎರಡು ಮಕ್ಕಳ ತಾಯಿಯಾಗಿ ಸುಖವಾಗಿದ್ದಳು, ಇವರ ಸಿಟ್ಟು ಮಾತ್ರ ಇದ್ದಲ್ಲೇ ಇತ್ತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತಾರೆ. ನಮ್ಮ ಮನೆಯಲ್ಲಿ ಕೆಡಿಸಿದ್ದು ಆಡದೆ ಉಳಿದ ಮಾತು. ಊಟಕ್ಕೆ ಕರೆಯುವುದು, ಎಣ್ಣೆ ಮುಗಿದದ್ದು, ಜ್ವರ ಬಂದದ್ದು, ಎಲ್ಲ ನನ್ನ ಬಾಯಿಂದಲೇ ಹೋಗಬೇಕಿತ್ತು. ಹತ್ತು ಹೆಜ್ಜೆ ಆಚೆ ಕೂತ ಮಗ ಕೇಳಿಸಿಕೊಳ್ಳುತ್ತಿದ್ದರೂ ಆಯಿ ನನ್ನ ಕಡೆ ತಿರುಗಿ ಸಾವಿ, ಅವಂಗ ಹೇಳು ಅನ್ನುವಳು. ನಾನು ಓಡಿ ಹೋಗಿ ಕೇಳಿಸಿದ್ದನ್ನೇ ಮತ್ತೊಮ್ಮೆ ಹೇಳುವೆ, ಅದಕ್ಕೆ ಚೂರು ಉಪ್ಪು ಖಾರವನ್ನೂ ಹಚ್ಚುವೆ. ಒಂಬತ್ತು ವರ್ಷದ ಹುಡುಗಿಗೆ ಅದೇನು ಸಣ್ಣ ದೌಲತ್ತೇ? ನಾನಿಲ್ಲದೆ ಆ ಮನೆ ನಡೆಯುವುದೇ ಇಲ್ಲ ಎಂದುಕೊಂಡಿದ್ದೆ.

ಕಾಕಾನದು ಪಂಪ್‌ಸೆಟ್ಟಿನ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಅಂಗಡಿ. ದಿನವಿಡೀ ರೈತರ ಮೋಟಾರು, ಸಂಜೆ ನನ್ನ ಜೊತೆ ಆಟ. ಲಿಂಗಸುಗೂರಿನ ಸಂತೆಯಲ್ಲಿ ಒಮ್ಮೆ ಪ್ಲಾಸ್ಟಿಕ್ ಇಟ್ಟಿಗೆಯ ಒಂದು ಚೀಲ ಸಿಕ್ಕಿತು. ಯಾರ ಮಕ್ಕಳೋ ಆಡಿ ಬಿಟ್ಟದ್ದು, ಚಿತ್ರವಿಲ್ಲ, ಲೆಕ್ಕವಿಲ್ಲ, ಕೆಲವಕ್ಕೆ ಹಲ್ಲಿನ ಗುರುತು. ಕಡಿಮೆ ಬಿದ್ದ ತುಂಡುಗಳನ್ನು ಕಾಕಾ ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಲ್ಲಿ ಕೊಯ್ದು ಮಾಡಿದ. ಮುದಗಲ್ಲಿನ ಕೋಟೆ ಕಟ್ಟಿದೆವು, ಕಾಲುವೆಯ ತೂಬು ಕಟ್ಟಿದೆವು, ಭತ್ತ ಕೊಯ್ಯುವ ಮಷಿನ್ನು ಕಟ್ಟಿದೆವು. ಕಾಕಾ ಕಟ್ಟುವಾಗ ನಾಲಿಗೆಯ ತುದಿ ಹೊರಗಿರುತ್ತಿತ್ತು, ಮೂವತ್ತೈದರ ಗಂಡಸು ನನ್ನ ಓರಗೆಯವನಾಗುತ್ತಿದ್ದ. ಒಂದಿಷ್ಟು ಹಳದಿ ಇಟ್ಟಿಗೆಗಾಗಿ ನಾವಿಬ್ಬರೂ ಜಗಳಾಡಿ ಮುನಿಸಿಕೊಂಡದ್ದೂ ಉಂಟು, ಅರ್ಧ ತಾಸಿನ ಮುನಿಸು.

ಆಯಿಯ ಕಣ್ಣಿಗೆ ಪೊರೆ ಬಂದ ವರ್ಷ ಕಾಕಾ ಆ ಗಾಡಿ ಮಾಡಿದ. ಎಲೆ ಅಡಿಕೆಯ ಚಂಚಿಯನ್ನು ಆಯಿ ಎಲ್ಲೋ ಇಟ್ಟು ನೆಲ ತಡವುತ್ತಿದ್ದಳು. ಎದ್ದು ಹೋಗಿ ಕೈಗೆ ಕೊಟ್ಟರೆ ತೆಗೆದುಕೊಳ್ಳಳು ಎಂದು ಅವನಿಗೆ ಗೊತ್ತಿತ್ತು. ಕೆಟ್ಟ ಟೇಪ್ ರೆಕಾರ್ಡರ್ ಬಿಚ್ಚಿ ಅದರ ಮೋಟಾರು ತೆಗೆದ, ಇನ್ನೊಂದನ್ನು ಎಲ್ಲಿಂದಲೋ ತಂದ. ಔಷಧಿ ಡಬ್ಬಿಯ ಮುಚ್ಚಳಗಳಿಗೆ ಸೈಕಲ್ ಟ್ಯೂಬು ಸುತ್ತಿ ಗಾಲಿ ಮಾಡಿದ. ಮೇಲೆ ಇಟ್ಟಿಗೆಯ ಮೈ, ಚಂಚಿ ಇಡಲು ಎರಡು ತೋಳು, ಒಂದು ಚೌಕ ತಲೆ. ಮನೆಯಲ್ಲೇ ಹುಟ್ಟಿದ ರೋಬೋ. ಕೂದಲೆಳೆಯಂಥ ಉದ್ದ ತಾಮ್ರದ ತಂತಿಯ ತುದಿಗೆ, ಪಡಸಾಲೆ ತುಂಬ ರಾಳದ ಹೊಗೆ ಎಬ್ಬಿಸಿ, ಬೆಲ್ ಸ್ವಿಚ್ ಬೆಸೆದುಕೊಂಡು ಕಾಕಾ ತನ್ನ ತುದಿಯಲ್ಲಿ ಕೂತು ಅದನ್ನು ನಡೆಸಿದ. ಗಿರಗಿರ ಎನ್ನುತ್ತ ಆ ಹತ್ತು ಹೆಜ್ಜೆ ದಾಟಿ ಅದು ಕಂಬಳಿಯ ಅಂಚಿಗೆ ಮುಟ್ಟಿದಾಗ ಆಯಿ ಬೆಚ್ಚಿದಳು, ಆಮೇಲೆ ತಡವಿ ನೋಡಿದಳು, ಆಮೇಲೆ ಚಂಚಿ ತೆಗೆದುಕೊಂಡಳು. ಕಾಕಾನ ಮುಖ ನೋಡಬೇಕಿತ್ತು ನೀವು.

ಇದು ಏನೆಂದು ಆಯಿ ನನ್ನನ್ನು ಕೇಳಿದಳು. ಟೇಪ್ ರೆಕಾರ್ಡರ್ ಒಡೆದು ಕಾಕಾ ಮಾಡಿದ್ದು ಎಂದೆ. ಹಾಗಾದರೆ ಮಾತು ತುಂಬಿಕೊಳ್ಳುತ್ತದೋ ಎಂದು ಕೇಳಿದಳು. ಹೂಂ ಎಂದುಬಿಟ್ಟೆ. ಯಾಕೆ ಎಂದು ಈಗಲೂ ತಿಳಿಯದು, ಹುಡುಗಾಟ ಅಷ್ಟೇ. ಬ್ಯಾಟರಿ ಚಾರ್ಜಿಗೆಂದು ಕಾಕಾ ದಿನಾ ಮುಂಜಾನೆ ಗಾಡಿಯನ್ನು ಅಂಗಡಿಗೆ ಒಯ್ಯುತ್ತಿದ್ದ, ಸಂಜೆ ತರುತ್ತಿದ್ದ. ಅಲ್ಲಿ ಕೂತು ಮಗ ತನ್ನ ಮಾತು ಹಾಕಿಕೊಂಡು ಕೇಳುತ್ತಾನೆಂದು ಆಯಿ ತಿಳಿದಳು. ಆಣೆಯೂ ಮುರಿಯಲಿಲ್ಲ, ಮಾತೂ ಮುಟ್ಟಿತು ಎಂದು ಅವಳ ಲೆಕ್ಕ. ಕಾಕಾ ಬಚ್ಚಲಿಗೆ ಹೋದ ಹೊತ್ತು ನೋಡಿ ಅದನ್ನು ಹತ್ತಿರ ಎಳೆದುಕೊಂಡು ಬಿಸಿಲಿಗೆ ತಿರುಗಬೇಡ, ಬೀಡಿ ಬಿಡು, ಅಂಗಿಯ ಗುಂಡಿ ಹಚ್ಚಿಸಿಕೋ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು. ನನ್ನನ್ನು ಮಾತ್ರ ನೀರು ತಾ, ಬೆಂಕಿ ತಾ ಎಂದು ಒಳಗೆ ಅಟ್ಟುತ್ತಿದ್ದಳು. ನಾನು ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳುತ್ತಿದ್ದೆ. ಹೊಟ್ಟೆಕಿಚ್ಚು, ಬೇರೆ ಹೆಸರಿಲ್ಲ ಅದಕ್ಕೆ. ನನ್ನ ಕೆಲಸ ಒಂದು ಪ್ಲಾಸ್ಟಿಕ್ ಗಾಡಿಗೆ ಹೋಯಿತು. ಮಾತು ತುಂಬಿಕೊಳ್ಳುವ ಗಾಡಿ ತಾನೇ, ಅದೇ ಮುಟ್ಟಿಸಲಿ ಎಂದು ಒಂದು ಮಾತನ್ನೂ ಕಾಕಾನಿಗೆ ಹೇಳಲಿಲ್ಲ.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ, ಎಲ್ಲರೂ ಹೊಲದ ಪೂಜೆಗೆ ಹೊರಡುವ ಗಡಿಬಿಡಿಯಲ್ಲಿದ್ದರು. ಆಯಿ ಗಾಡಿಯ ತಲೆಯ ಮೇಲೆ ಕೈಯಿಟ್ಟು ಹೇಳಿದ್ದು ಬಾಗಿಲ ಹಿಂದೆ ನಿಂತ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಈರಣ್ಣ, ನನ್ನ ಸಿಟ್ಟು ಹೋಗ್ಯದಪ್ಪ. ನೀ ಒಮ್ಮೆ ಅವ್ವಾ ಅಂತ ಕರಿ, ನಾ ಓ ಅಂತೀನಿ."

ಇಷ್ಟೇ. ಅವತ್ತು ಸಂಜೆ ಗಾಡಿ ಕಂಬಳಿಗೆ ಬಂದಾಗ ಆಯಿ ಚಂಚಿ ತೆಗೆದುಕೊಳ್ಳುವ ಮೊದಲು ಬಗ್ಗಿ ಅದರ ತಲೆಗೆ ಕಿವಿ ಹಚ್ಚಿದಳು. ಮರುದಿನವೂ, ಅದರ ಮರುದಿನವೂ. ಎಲೆ ಮಡಿಚಿ ಬಾಯಿಗಿಡುವ ಮುನ್ನ ಅಷ್ಟು ಹೊತ್ತು ಹಾಗೇ ಬಗ್ಗಿ ಕೂತಿರುತ್ತಿದ್ದಳು. ಆಯಿ ಯಾಕೆ ಕಿವಿ ಹಚ್ಚುತ್ತಾಳೆ ಎಂದು ಕಾಕಾ ಕೇಳಿದ್ದಕ್ಕೆ, ಗಿರಗಿರ ಸಪ್ಪಳ ಕೇಳಲು ಎಂದೆ. ಕಾಕಾ ನಕ್ಕ, ನಾನೂ ನಕ್ಕೆ. ಒಂದು ಮುಂಜಾನೆ ಆಯಿ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದಳು, ಮುತ್ತಿನಂಥ ಸಾವು ಎಂದು ಬಂದವರೆಲ್ಲ ಅಂದರು. ಮಣ್ಣು ಮಾಡಿ ಬಂದ ಮೂರನೆಯ ದಿನ ಕಾಕಾ ಪಡಸಾಲೆಯಲ್ಲಿ ಕೂತು ಗಾಡಿಯನ್ನು ಒಂದೊಂದೇ ಇಟ್ಟಿಗೆಯಾಗಿ ಬಿಚ್ಚಿದ, ಎಲೆಯ ರಸ ತಾಗಿದ ಇಟ್ಟಿಗೆಗಳನ್ನು ಧೋತರದ ತುದಿಯಿಂದ ಒರೆಸಿದ, ಎಲ್ಲ ಚೀಲಕ್ಕೆ ತುಂಬಿ ನನಗೆ ಕೊಟ್ಟ. ಕಡೆಗೂ ಅವ್ವ ತನ್ನ ಮೇಲಿನ ಸಿಟ್ಟು ಹೊತ್ತುಕೊಂಡೇ ಹೋದಳು ಎಂದು ಅವತ್ತು ಅಂದ, ಆಮೇಲೆ ಎಷ್ಟೋ ವರ್ಷ ಬಂದ ಬಂದವರ ಮುಂದೆ ಅಂದ. ಪ್ರತಿ ಸಲವೂ ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಮೊದಲು ಬೈಸಿಕೊಳ್ಳುವ ಅಂಜಿಕೆ, ಆಮೇಲೆ ಇಷ್ಟು ತಡವಾದ ಮೇಲೆ ಹೇಗೆ ಹೇಳುವುದೆಂಬ ನಾಚಿಕೆ. ವರ್ಷ ಕಳೆದಂತೆ ಅದು ಭಾರವಾಯಿತೇ ಹೊರತು ಹಗುರಾಗಲಿಲ್ಲ.

ಹೋದ ತಿಂಗಳು ಮಸ್ಕಿಗೆ ಹೋಗಿದ್ದೆ. ಕಾಕಾ ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿರುತ್ತಾನೆ, ಮದುವೆ ಆಗಲೇ ಇಲ್ಲ. ಚಹಾ ಕುಡಿಯುತ್ತ ಮತ್ತೆ ಅದೇ ಮಾತು ಎತ್ತಿದ, ಸಿಟ್ಟಿನಲ್ಲೇ ಹೋದಳು ಎಂದು. ಇನ್ನು ತಡೆಯಲಾಗಲಿಲ್ಲ. ಟೇಪಿನ ಸುಳ್ಳು, ಬಾಗಿಲ ಮರೆ, ನನ್ನ ಹೊಟ್ಟೆಕಿಚ್ಚು, ಎಲ್ಲ ಹೇಳಿಬಿಟ್ಟೆ. ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ಕೂತೆ.  ಅವನು, ಅದು ಯಾವ ದಿನ ಎಂದು ಮಾತ್ರ ಕೇಳಿದ. ಎಳ್ಳಮಾಸಿ ಎಂದೆ. ಬೆರಳು ಮಡಿಚಿ ಎಣಿಸಿದ.

"ಆಮ್ಯಾಲೂ ಹನ್ನೊಂದು ದಿನ ಇದ್ದಳಲ್ಲಬೇ ಸಾವಿ. ಹನ್ನೊಂದು ದಿನ ಅಕಿ ಕಿವಿ ಹಚ್ಚಿ ದಾರಿ ನೋಡ್ಯಾಳ. ನಾ ಸ್ವಿಚ್ ಹಿಡಕೊಂಡು ನಕ್ಕೊಂತ ಕುಂತಿದ್ದೆ."

 ಸಿಟ್ಟಿನಲ್ಲಿ ಹೋದ ತಾಯಿಯನ್ನು ಕಾಕಾ ಇಷ್ಟು ವರ್ಷ ಸಹಿಸಿಕೊಂಡಿದ್ದ. ಕರೆಗೆ ಕಾದು ಹೋದ ತಾಯಿಯನ್ನು ಈ ವಯಸ್ಸಿಗೆ ನಾನು ಅವನ ಕೈಗಿಟ್ಟಿದ್ದೆ. ಹೇಳದಿದ್ದರೇ ಚೆನ್ನಾಗಿತ್ತೋ ಏನೋ, ನನಗಂತೂ ತಿಳಿಯಲಿಲ್ಲ. ಅಕಿ ಹ್ಯಾಂಗ ಅಂದಿದ್ದಳೋ ಹಾಂಗೇ ಹೇಳು ಎಂದ ಕಾಕಾ. ಆಯಿ ಅಂದದ್ದನ್ನು ಆಯಿಯ ಹಾಗೆಯೇ, ತಗ್ಗಿದ ದನಿಯಲ್ಲಿ, ಒಂದಕ್ಷರ ಬಿಡದೆ ಹೇಳಿದೆ. ಈ ಸಲ ಉಪ್ಪು ಖಾರ ಏನೂ ಹಚ್ಚಲಿಲ್ಲ. ಕಾಕಾ ಕಣ್ಣು ಮುಚ್ಚಿಕೊಂಡು ಕೇಳಿದ. ಚಹಾದ ಕಪ್ಪು ಕೆಳಗಿಟ್ಟು, ನನ್ನ ಕಡೆ ನೋಡದೆ, ಮೆಲ್ಲಗೆ "ಅವ್ವಾ" ಎಂದ.

ಓ ಎನ್ನಬೇಕಾದವಳು ಇರಲಿಲ್ಲ.