ಮಾಬೂ ಕಾಕಾನ ಮೂಗು, ನಮ್ಮ ಬಸ್ಯಾನ ಊಟ

ಸ್ವಲ್ಪ ತಾಳಿ, ಬೆಕ್ಕಿನ ವಿಷಯಕ್ಕೆ ಬಂದೇ ಬರುತ್ತೇನೆ. ಅದಕ್ಕೂ ಮೊದಲು ನಿಮಗೊಂದು ಮೂಗಿನ ಪರಿಚಯ ಮಾಡಿಕೊಡಬೇಕು. ಆ ಮೂಗು ಇರದಿದ್ದರೆ ನಮ್ಮ ಬೆಕ್ಕೂ ಉಳಿಯುತ್ತಿರಲಿಲ್ಲ, ನಾನಿದನ್ನು ಬರೆಯುತ್ತಲೂ ಇರಲಿಲ್ಲ.

ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯ ಮಾಬೂ ಕಾಕಾನ ಮೂಗು ಅದು. ಉದ್ದವೂ ಅಲ್ಲ, ಚೂಪೂ ಅಲ್ಲ. ಯಾರೋ ಅವಸರದಲ್ಲಿ ಮುಖದ ನಡುವೆ ಒತ್ತಿಟ್ಟ ಹಿಟ್ಟಿನ ಉಂಡೆಯಂತಿತ್ತು. ಆದರೆ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ ಕೊಡಿಸಿದ್ದು ಆ ಮೂಗೇ. ಚೀಲದ ತಳಕ್ಕೆ ಕೈಹಾಕಿ ಒಂದು ಕಾಯಿ ಎಳೆಯುವುದು, ನಡುವೆ ಮುರಿಯುವುದು, ಮೊದಲು ಎಡಹೊಳ್ಳೆಗೆ ಹಿಡಿಯುವುದು, ಆಮೇಲೆ ಬಲಹೊಳ್ಳೆಗೆ.

"ಎಡಹೊಳ್ಳಿ ಊರು ಹೇಳ್ತೈತಿ, ಬಲಹೊಳ್ಳಿ ಸುಳ್ಳು ಹಿಡೀತೈತಿ" ಎನ್ನುತ್ತಿದ್ದ.

ಊರೆಂದರೆ ಕಾಯಿ ಬೆಳೆದ ಊರು; ಸುಳ್ಳೆಂದರೆ ತೂಕ ಹೆಚ್ಚಲೆಂದು ಕಾಯಿಗೆ ನೀರು ಚಿಮುಕಿಸುವುದು. ಒಮ್ಮೆ ಹಾಗೆ ಸಿಕ್ಕಿಬಿದ್ದವನೊಬ್ಬ, "ಇಲ್ಲರೀ, ಮಂಜು ಬಿದ್ದೈತ್ರೀ" ಅಂದ. ಕಾಕಾ ಇನ್ನೊಮ್ಮೆ ಬಲಹೊಳ್ಳೆಗೆ ಹಿಡಿದು, "ಮಂಜಿಗೆ ಬಾವಿ ನೀರಿನ ವಾಸನಿ ಹೆಂಗ ಬಂತೋ ತಮ್ಮಾ?" ಎಂದು ಕೇಳಿದ್ದನಂತೆ.

ಮನೆಗೆ ಬಂದರೂ ಆ ಮೂಗಿಗೆ ರಜೆ ಇರಲಿಲ್ಲ. ನಮ್ಮ ಅಂಗಳದಲ್ಲಿ ನಿಂತೇ, "ಅವ್ವಾರ, ಹಾಲು ಉಕ್ಕತೈತಿ ನೋಡ್ರಿ" ಎಂದು ಅಜ್ಜಿಗೆ ಕೂಗುತ್ತಿದ್ದ. ಅಜ್ಜಿ ಓಡಿಹೋದರೆ ಹಾಲು ಆಗಷ್ಟೇ ಮೇಲೇಳುತ್ತಿರುತ್ತಿತ್ತು. ಉಕ್ಕಿದ ಹಾಲಿನ ವಾಸನೆ ಯಾರಿಗಾದರೂ ಬರುತ್ತದೆ. ಇನ್ನೂ ಉಕ್ಕದ ಹಾಲಿನದು ಕಾಕಾನಿಗೊಬ್ಬನಿಗೇ.

ಈಗ ಬೆಕ್ಕು. ಹೆಸರು ಬಸ್ಯಾ. ಬೂದು ಪಟ್ಟೆ, ಒಂದು ಕಿವಿ ಜಗಳದಲ್ಲಿ ಹರಿದದ್ದು. ನಾನಾಗ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಪ್ರಾಣಿಗಳ ಹುಚ್ಚು. ಕಿರಾಣಿ ಪೊಟ್ಟಣದ ಪೇಪರಿನಲ್ಲಿ ಎಮ್ಮೆಯ ಜ್ವರದ ಬಗ್ಗೆ ನಾಲ್ಕು ಸಾಲು ಕಂಡರೂ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೆ. ಅರ್ಧ ಡಾಕ್ಟರ್ ಆಗಿದ್ದೇನೆಂದು ನನಗೆ ನಂಬಿಕೆ. ಹಾಗೆ ನಂಬಿದ್ದವಳು ಊರಿಗೆಲ್ಲ ನಾನೊಬ್ಬಳೇ.

ಮೆಣಸಿನಕಾಯಿ ಸುಗ್ಗಿಯ ಒಂದು ಬೆಳಿಗ್ಗೆ ಬಸ್ಯಾ ಹಾಲು-ರೊಟ್ಟಿಯ ತಾಟಿಗೆ ಮುಖ ತಂದ, ನಿಂತ, ತಿರುಗಿ ಬೆನ್ನು ಹಾಕಿ ಕೂತ. ನಾನು ತಾಟು ಬದಲಿಸಿದೆ. ಜಾಗ ಬದಲಿಸಿದೆ. ಕೆನೆ ಹಾಕಿದೆ. ಕೆನೆಗೆ ಬೆಲ್ಲ ಹಾಕಿದೆ. ಕೊನೆಗೆ ನೋಟ್‌ಬುಕ್ಕಿನಲ್ಲಿ "ರೋಗಿಗೆ ಬೇಸರ" ಎಂದು ಬರೆದೆ.

"ಬ್ಯಾಸರಿಲ್ಲ, ಗೀಸರಿಲ್ಲ. ಹೊರಗ ಎಲ್ಲೋ ಗಡದ್ದ ಹೊಡದು ಬರಾಕತ್ತೈತಿ" ಅಂದ ಅಪ್ಪ.

"ದೃಷ್ಟಿ ಆಗೇತಿ" ಅಂದಳು ಅಜ್ಜಿ.

ನಮ್ಮ ಮನೆಯಲ್ಲಿ ಅಜ್ಜಿಯ ಮಾತೇ ಕೊನೆಯದು. ಉಪ್ಪು, ಒಣ ಮೆಣಸಿನಕಾಯಿ ಹಿಡಿದು ಬಸ್ಯಾನ ಸುತ್ತ ಮೂರು ಸಲ ಇಳಿಸಿ ಒಲೆಗೆ ಹಾಕಿದಳು. ಘಾಟು ಎದ್ದರೆ ದೃಷ್ಟಿ ಇಲ್ಲ, ಏಳದಿದ್ದರೆ ಇದೆ, ಲೆಕ್ಕ ಅಷ್ಟೇ. ಆದರೆ ನಮ್ಮೂರ ಕಾಯಿ ಹೆಸರು ಮಾಡಿದ್ದೇ ಬಣ್ಣಕ್ಕೆ, ಖಾರಕ್ಕಲ್ಲ. ಬ್ಯಾಡಗಿ ಕಾಯಿಯಲ್ಲಿ ದೃಷ್ಟಿ ತೆಗೆದರೆ ಊರಿನ ಎಲ್ಲರಿಗೂ ದೃಷ್ಟಿ ಆಗಿರುತ್ತದೆ! ಒಬ್ಬರೂ ಕೆಮ್ಮಲಿಲ್ಲ.

"ನೋಡಿದಿ? ಭಾಳ ದೊಡ್ಡ ದೃಷ್ಟಿ" ಎಂದು ಅಜ್ಜಿ ಮರುದಿನ ಕಾಯಿ ಹೆಚ್ಚಿಸಿದಳು. ಅದರ ಮರುದಿನ ಇನ್ನೂ ಹೆಚ್ಚಿಸಿದಳು. ನಾಲ್ಕನೆಯ ದಿನ ಎಲ್ಲಿಂದಲೋ ಗುಂಟೂರು ಕಾಯಿ ತರಿಸಿ ಒಂದು ಬೊಗಸೆ ಒಲೆಗೆ ಸುರಿದಳು. ಅಪ್ಪ ಅರ್ಧ ಕ್ಷೌರದಲ್ಲೇ ಬೀದಿಗೆ ಓಡಿದ. ಓಣಿಯೆಲ್ಲ ಕೆಮ್ಮಿತು. ಅಜ್ಜಿ ಕಣ್ಣೀರು ಒರೆಸಿಕೊಳ್ಳುತ್ತ, "ಹೋತು ನೋಡ ದೃಷ್ಟಿ" ಎಂದು ಗೆದ್ದ ದನಿಯಲ್ಲಿ ಹೇಳಿದಳು. ಬಸ್ಯಾ ಇಪ್ಪತ್ತು ಸಲ ಸೀನಿ ಮೂಲೆಗೆ ಹೋಗಿ ಮಲಗಿದ. ಹಾಲಿನ ಕಡೆ ಕಣ್ಣೂ ಹಾಯಿಸಲಿಲ್ಲ. ಎತ್ತಿಕೊಂಡರೆ ಬೆನ್ನೆಲುಬು ಕೈಗೆ ಸಿಗುತ್ತಿತ್ತು. ನನಗೆ ಅಳು ಬಂತು.

ಅಪ್ಪನ ಮಾತಾದರೂ ನಿಜವಾಗಿರಲಿ ಎಂದು ಬೇಡಿಕೊಳ್ಳುತ್ತ ಕಾಕಾನ ಬಾಗಿಲಿಗೆ ಹೋದೆ. "ಕಾಕಾ, ನಮ್ಮ ಬಸ್ಯಾ ನಿಮ್ಮನ್ಯಾಗೇನರ ಉಣ್ತಾನೇನ?"

ಕಾಕಾ ಟೋಪಿ ಸರಿಮಾಡಿಕೊಂಡ. ಗೋಡೆ ನೋಡಿದ. "ಅಜ್ಜಿಗೆ ಹೇಳಬ್ಯಾಡ ತಂಗಿ. ಶುಕ್ರವಾರಕ್ಕೊಮ್ಮೆ ಬರತೈತಿ. ಒಣ ಮೀನು ಹಾಕ್ತೇವಿ. ನಿಮ್ಮನ್ಯಾಗ ಬಸ್ಯಾ, ನಮ್ಮನ್ಯಾಗ ಬಾಷಾ."

ಲಿಂಗ ಕಟ್ಟಿದ ಮನೆಯ ಬೆಕ್ಕು! ಬೇರೆ ದಿನವಾಗಿದ್ದರೆ ನಗುತ್ತಿದ್ದೆ. "ಈ ವಾರ ಬಂದಿದ್ದನೇನ?"

"ಬಂದಿತ್ತು. ಮೀನು ಮುಂದಿಟ್ರ ಕಲ್ಲು ನೋಡಿದಂಗ ನೋಡಿ ಹೋತು." ಕಾಕಾನ ಮುಖ ಗಂಭೀರವಾಯಿತು. "ನಡೀ, ನೋಡೂಣು."

ನಮ್ಮ ಪಡಸಾಲೆಯಲ್ಲಿ ಕಾಕಾ ಮಂಡಿಯೂರಿ ಬಸ್ಯಾನ ಮೂಗಿಗೆ ತನ್ನ ಮೂಗು ತಂದ. ಎಡಹೊಳ್ಳೆಯಿಂದ ಒಮ್ಮೆ, ಬಲಹೊಳ್ಳೆಯಿಂದ ಒಮ್ಮೆ ಮೂಸಿದ. ಆಮೇಲೆ ಕಾಕಾ ಕೇಳಿದ, "ಇದು ಮಲಗೂದು ಎಲ್ಲಿ?"

"ಹಿತ್ತಲ ಕಟ್ಟಿ ಮ್ಯಾಲ. ತುಂಬು ಬಿಡಿಸಿದ ಕಾಯಿ ರಾಶಿ ಮ್ಯಾಲ, ಬೆಚ್ಚಗ." ಸುಗ್ಗಿಯಲ್ಲಿ ಓಣಿಯ ಹೆಂಗಸರೆಲ್ಲ ನಮ್ಮ ಹಿತ್ತಲಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು.

"ಒಳಗ ಧೂಳು ಕುಂತೈತಿ. ಮೂಗು ಕಟ್ಟೈತಿ. ಅದರ ಮ್ಯಾಲ ಯಾರೋ ಗುಂಟೂರು ಕಾಯಿ ಸುಟ್ಟಾರಲ್ಲ?"

ಅಜ್ಜಿ ಸೆರಗು ಸರಿಮಾಡಿಕೊಂಡು ದೇವರ ಕೋಣೆ ಕಡೆ ನೋಡಿದಳು.

"ಬೆಕ್ಕು ಬಾಯಿಲೆ ಉಣ್ಣೂದಿಲ್ಲ ತಂಗಿ, ಮೂಗಿಲೆ ಉಣ್ತೈತಿ. ಮೂಗು ಕಟ್ಟಿದ್ರ ಹಾಲೂ ಒಂದ, ಸುಣ್ಣದ ನೀರೂ ಒಂದ. ನೀ ಬೆಲ್ಲ ಹಾಕು, ಬಂಗಾರ ಹಾಕು, ಅದಕ್ಕ ನಂಬಿಕಿ ಬರೂದಿಲ್ಲ."

ನೋಟ್‌ಬುಕ್ಕಿನಲ್ಲಿ "ರೋಗಿಗೆ ಬೇಸರ" ಎಂಬುದನ್ನು ಹೊಡೆದುಹಾಕಿದೆ.

ಬಚ್ಚಲಿನ ಹಂಡೆಯಲ್ಲಿ ನೀರು ಕುದಿಸಿ, ಬಾಗಿಲು ಮುಚ್ಚಿ, ಬಸ್ಯಾನನ್ನು ಟವೆಲ್ಲಿನಲ್ಲಿ ಸುತ್ತಿ ಕಾಕಾ ಆವಿಯಲ್ಲಿ ಕೂತ. ಒಳಗಿನಿಂದ ಬೆಕ್ಕಿನ ಕಿರುಚಾಟ, ಅದಕ್ಕೆ ಕಾಕಾ ಉರ್ದುವಿನಲ್ಲಿ ಹೇಳುತ್ತಿದ್ದ ಸಮಾಧಾನ, ನಡುನಡುವೆ ಕನ್ನಡದಲ್ಲಿ ಬೈಗುಳ. ಹೊರಬಂದಾಗ ಇಬ್ಬರೂ ತೊಯ್ದಿದ್ದರು; ಕಾಕಾನ ಗಲ್ಲದ ಮೇಲೆ ಮೂರು ಗೀರು. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಬಸ್ಯಾನ ಮೂಗು ಒರೆಸಿದ. ಇನ್ನು ಊಟ. ಕಾಕಾ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು, ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಡಬ್ಬಿಯ ಮುಚ್ಚಳದ ಮೇಲೆ ಒಣ ಮೀನು ಬಿಸಿಮಾಡಿದ.

ಬಸ್ಯಾ ತಲೆ ಎತ್ತಿದ. ಮೂಗು ಅಲ್ಲಾಡಿತು. ಎರಡು ಹೆಜ್ಜೆ ಇಟ್ಟ, ನಿಂತ, ಮತ್ತೆ ಮೂಸಿದ. ಆಮೇಲೆ ತಿಂದ. ಕಣ್ಣು ಮುಚ್ಚಿಕೊಂಡು, ಗುರುಗುಟ್ಟುತ್ತ ತಿಂದ.

ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಏ ಮಾಬೂ, ಏನ ಅದು?"

"ಔಷಧರೀ ಅವ್ವಾರ."

ಅಜ್ಜಿ ಸ್ವಲ್ಪ ಹೊತ್ತು ಬೆಕ್ಕನ್ನೇ ನೋಡಿದಳು. "ಔಷಧದ ವಾಸನಿ ಓಣಿ ತುಂಬ ಹೊಂಟೈತಿ. ಇರ್ಲಿ, ಇನ್ನೊಂಚೂರು ಹಾಕು."

ಇದಾಗಿ ಕೆಲವು ವರ್ಷಗಳಿಗೆ, ಮೆಣಸಿನಕಾಯಿ ಧೂಳನ್ನೇ ಉಸಿರಾಡಿದ ಆ ಮೂಗೂ ಸೋತಿತು. ಕಾಕಾ ಕೆಲಸ ಬಿಟ್ಟು ರಾಣೆಬೆನ್ನೂರಿನಲ್ಲಿದ್ದ ಮಗಳು ಶಮೀಮಳ ಮನೆಗೆ ಹೋದ. ಉಣ್ಣುವುದನ್ನೇ ಬಿಟ್ಟಿದ್ದಾನೆ ಎಂಬ ಸುದ್ದಿ ಬಂದದ್ದೇ, ಗುತ್ತಲದಿಂದ ಬಂದ ಚೀಲದಿಂದ ನಾಲ್ಕು ಕಾಯಿ ಆರಿಸಿಕೊಂಡು ಬಸ್ಸು ಹತ್ತಿದೆ.

ಕಾಕಾ ಹೊರಸಿನ ಮೇಲೆ ಕೂತಿದ್ದ. ಕಾಯಿ ಕೈಗಿಟ್ಟು, "ಯಾವೂರು ಹೇಳು ಕಾಕಾ" ಅಂದೆ. ಮುರಿದ. ಎಡಹೊಳ್ಳೆಗೆ ಹಿಡಿದ, ಬಲಹೊಳ್ಳೆಗೆ ಹಿಡಿದ, ಮತ್ತೆ ಎಡಕ್ಕೆ ತಂದ.

"ಹೊಸರಿತ್ತಿ."

"ಖರೇ ಕಾಕಾ" ಅಂದೆ.

ಅವನು ನನ್ನ ಮುಖ ನೋಡಿ ನಕ್ಕ. "ಮೂಗು ಹೋದ್ರೂ ಸುಳ್ಳು ಹಿಡಿಯೂದು ಹೋಗಿಲ್ಲ, ತಂಗಿ."

ಶಮೀಮ ತಂದಿಟ್ಟಿದ್ದ ತಾಟು ಆರಿ ತಣ್ಣಗಾಗಿತ್ತು. ಅದನ್ನೆತ್ತಿಕೊಂಡು ಒಳಗೆ ಹೋಗಿ ಸಾರು ಕುದಿಸಿದೆ, ರೊಟ್ಟಿ ಮತ್ತೆ ಹಂಚಿಗೆ ಹಾಕಿದೆ. ಬಿಸಿ ಬಟ್ಟಲನ್ನು ಅವನ ಗಲ್ಲದ ಕೆಳಗೆ ಹಿಡಿದು ಕೂತೆ. ಆವಿ ಮುಖಕ್ಕೆ ಹತ್ತಿತು. ಕಾಕಾ ಒಂದು ತುತ್ತು ತಿಂದ. ಇನ್ನೊಂದು. ಒಂದೂವರೆ ರೊಟ್ಟಿ ಮುಗಿಸಿದ.

"ವಾಸನಿ ಬಂತೇನ ಕಾಕಾ?"

"ಇಲ್ಲ ಬಿಡು. ಬಿಸಿ ತಾಗಿದ್ದಕ್ಕ ಯಾರೋ ಊಟಕ್ಕ ಕರದಂಗಾತು." ಬಾಯಿ ಒರೆಸಿಕೊಂಡು, "ನನ್ನೂ ಬಾಷಾ ಮಾಡಿಬಿಟ್ಟೆಲ್ಲ!" ಎಂದ.

ಅದೇ ಕೊನೆಯ ಭೇಟಿ. ಆ ಮಳೆಗಾಲದಲ್ಲಿ ಕಾಕಾ ತೀರಿಕೊಂಡ. ಬಸ್ಯಾ ಮಾತ್ರ ಆಮೇಲೂ ಒಂದೊಂದು ದಿನ ಗೋಡೆ ಹಾರಿ ಹೋಗುತ್ತಿದ್ದ. ಬೀಗ ಹಾಕಿದ ಕಾಕಾನ ಬಾಗಿಲ ಮುಂದೆ ಕೂತು, ಹೊಸ್ತಿಲನ್ನು ಉದ್ದಕ್ಕೂ ಮೂಸಿ, ವಾಪಸ್ ಬರುತ್ತಿದ್ದ. ಆ ಹೊಸ್ತಿಲಲ್ಲಿ ಅವನಿಗೇನು ಸಿಗುತ್ತಿತ್ತೋ, ನನ್ನ ಮೂಗಿಗೆ ತಿಳಿಯಲಿಲ್ಲ.

ನಿಮ್ಮ ಮನೆಯ ಬೆಕ್ಕೂ ಎಂದಾದರೂ ಹೀಗೆ ತಾಟಿಗೆ ಬೆನ್ನು ಹಾಕಿ ಕೂತಿತ್ತೇ? ಕಾರಣ ಕಂಡುಹಿಡಿದವರು ಯಾರು? ದೃಷ್ಟಿ ತೆಗೆದಿದ್ದರೆ ಅದನ್ನೂ ಮುಚ್ಚಿಡದೆ ಬರೆದು ಕಳಿಸಿ. ನೋಟ್‌ಬುಕ್ಕಿನಲ್ಲಿ ಇನ್ನೂ ಹಾಳೆಗಳಿವೆ.